ಲಾರಿ ಅವರದ್ದು, ಗೋಡಂಬಿ ನಮ್ಮದು

ಕೆಲವು ವರ್ಷದ ಹಿಂದಿನ ಮಾತು. ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುವುದು. ಒಳಗೆ ಎಲ್ಲ ಸರಿ ಇತ್ತು, ತಲೆಗೆ ಟೋಪಿ, ಕೈಗೆ ಗ್ಲೌಸ್, ಕೊನೆಗೆ ಮೆಟಲ್ ಡಿಟೆಕ್ಟರ್. ಆದರೂ ಗಿರಾಕಿ ಫೋನ್ ಮಾಡಿ, ನಿಮ್ಮ ತುಂಡು ಗೋಡಂಬಿಗೆ ಒಣಮೀನಿನ ವಾಸನೆ ಮಾರಾಯ್ರೆ ಎಂದರು. ಹುಡುಕಿದರೆ, ನಾವು ಹಿಡಿದ ಬಾಡಿಗೆ ಲಾರಿ ಹಿಂದಿನ ದಿನ ಒಣಮೀನು ಹೊತ್ತಿತ್ತು. ತೊಳೆದಿದ್ದರಂತೆ. ಆದರೆ ಹಲಗೆಯ ಸಂದಿಯಲ್ಲಿ ವಾಸನೆ ಉಳಿದಿತ್ತು, ನಮ್ಮ ಮಾಲು ಬರೀ ತೆಳು ಪ್ಲಾಸ್ಟಿಕ್ ಚೀಲದಲ್ಲಿತ್ತು. ಗೋಡಂಬಿಯಲ್ಲಿ ಎಣ್ಣೆ ಜಾಸ್ತಿ ಅಲ್ವಾ, ವಾಸನೆ ಬೇಗ ಹೀರುತ್ತದೆ. ಮಾಲು ವಾಪಸ್ ಬಂದದ್ದು ನಮಗೆ, ಲಾರಿಯವರಿಗೆ ಬಾಡಿಗೆ ಸಿಕ್ಕಿ ಆಗಿತ್ತು.

ಆಹಾರ ತಯಾರಿಸುವವರೇ, ಪ್ಯಾಕೆಟ್ ಮೇಲೆ ಇರುವ, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ 14 ಅಂಕಿ ನಿಮ್ಮದು. ಕೆಲಸ ಯಾರಿಗೆ ಕೊಟ್ಟರೂ ಉತ್ತರ ಹೇಳಬೇಕಾದವರು ನೀವೇ.

ಹಾಗಾದರೆ ಹೊರಗಿನವರ ಕೆಲಸದ ಮೇಲೆ ಕಣ್ಣಿಡಲು ಎಲ್ಲಿಂದ ಶುರು ಮಾಡುವುದು? ಕಂಪ್ಯೂಟರಿನಲ್ಲಿ ಫಾರ್ಮ್ ಮಾಡಲು ಕೂರಬೇಡಿ. ಒಂದು ವಾರ ಗೇಟಿನ ಹತ್ತಿರ ನೋಟ್‌ಬುಕ್ ಹಿಡಿದು ಕೂತು, ಬರುವ ಹೊರಗಿನವರನ್ನೆಲ್ಲ ಬರೆದುಕೊಳ್ಳಿ. ನೀರಿನ ಟ್ಯಾಂಕರ್, ಐಸ್ ತರುವವರು, ಇಲಿ-ಜಿರಳೆ ಮದ್ದಿನವರು, ವೆಲ್ಡಿಂಗ್‌ನವರು, ತೂಕದ ಯಂತ್ರ ಪರೀಕ್ಷಿಸುವವರು, ಏಪ್ರನ್ ಒಗೆಯಲು ಒಯ್ಯುವವರು, ಕಂಟ್ರಾಕ್ಟಿನ ಕೆಲಸಗಾರರು. ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಉದ್ದ ಆಗುತ್ತದೆ. ಆಮೇಲೆ ಪ್ರತಿಯೊಬ್ಬರ ಹೆಸರಿನ ಮುಂದೆ ಎರಡೇ ಪ್ರಶ್ನೆ ಹಾಕಿ. ಇವರ ಕೆಲಸ ಆಹಾರಕ್ಕೆ, ನೀರಿಗೆ, ಪ್ಯಾಕಿಂಗ್‌ಗೆ ಅಥವಾ ಯಂತ್ರಕ್ಕೆ ತಾಗುತ್ತದಾ? ತಾಗಿದರೆ, ಇವರು ತಪ್ಪು ಮಾಡಿದಾಗ ಮುಂದೆ ಹಿಡಿಯುವ ಹಂತ ನಮ್ಮಲ್ಲಿ ಉಂಟಾ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದಾದರೆ ಅವರ ಮೇಲೆಯೇ ನಿಮ್ಮ ಕಣ್ಣು ಇರಲಿ. ಆಫೀಸಿನ ಎಸಿ ರಿಪೇರಿಯವರಿಗೆ ಸಹಿ ಹಾಕಿಸಿ ಬಿಟ್ಟರೆ ಸಾಕು.

ಐಸ್ ನೋಡಿ. ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ, ಮೀನಿಗೆ ಅದು ಬೇಕೇ ಬೇಕು. ಆದರೆ ಅದನ್ನು ಆಹಾರ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಪ್ಲಾಂಟಿಗೆ ಒಮ್ಮೆ ಹೇಳದೆ ಹೋಗಿ, ಯಾವ ನೀರು, ಐಸ್ ಕಟ್ಟುವ ಕ್ಯಾನಿಗೆ ತುಕ್ಕು ಉಂಟಾ, ಬ್ಲಾಕನ್ನು ನೆಲದ ಮೇಲೆ ಎಳೆಯುತ್ತಾರಾ ಎಂದು ನೋಡಿ. ಐಸ್ ಕರಗಿಸಿದ ನೀರನ್ನು ಲ್ಯಾಬಿಗೆ ಕಳಿಸಿ, 100 ಮಿಲಿಲೀಟರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇರಲೇಬಾರದು. ಐಸ್ ತಡವಾಗಿ ಬಂದರೂ ತೊಂದರೆಯೇ. ಬಂಗುಡೆ, ಭೂತಾಯಿ ಬಿಸಿಲಲ್ಲಿ ಕಾದರೆ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಬೆಳೆಯುತ್ತದೆ, ಅದು ಆಮೇಲೆ ಬೇಯಿಸಿದರೂ ಫ್ರೀಜ್ ಮಾಡಿದರೂ ಹೋಗುವುದಿಲ್ಲ.

ಏಪ್ರಿಲ್-ಮೇ ತಿಂಗಳಲ್ಲಿ ಬಾವಿ ತಳ ಕಂಡ ಮೇಲೆ ಬರುವ ಟ್ಯಾಂಕರಿಗೂ ಇದೇ ಲೆಕ್ಕ. ಟ್ಯಾಂಕಿಗೆ ಇಳಿಸುವ ಮೊದಲೇ ಒಂದು ಲೋಟ ಹಿಡಿದು ಕ್ಲೋರಿನ್ ನೋಡಿ, ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಇಳಿಸಿ ಆದ ಮೇಲೆ ನೋಡಿ ಏನು ಪ್ರಯೋಜನ?

ಸಾಗಾಟದ ವಿಷಯದಲ್ಲಿ ಡ್ರೈವರ್ ಮಾತು ಬೇಡ, ನಿಮ್ಮ ಮೂಗು ಮತ್ತು ಒಂದು ಟಾರ್ಚ್ ಸಾಕು. ಬಾಗಿಲು ಮುಚ್ಚಿ ಐದು ನಿಮಿಷ ಬಿಟ್ಟು ತೆರೆದು ಮೂಸಿ. ಹಿಂದಿನ ಲೋಡ್ ಏನಿತ್ತು ಎಂದು ಕೇಳಿ ಬರೆದಿಡಿ. ಫ್ರೀಜರ್ ಗಾಡಿಯಾದರೆ ಇನ್ನೊಂದು ತಲೆನೋವು: ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಗಾಡಿಗಳು ಗಂಟೆಗಟ್ಟಲೆ ನಿಲ್ಲುತ್ತವೆ, ಡೀಸೆಲ್ ಉಳಿಸಲು ಕೂಲಿಂಗ್ ಆಫ್ ಮಾಡಿ, ಬೆಂಗಳೂರು ಹತ್ತಿರ ಬಂದಾಗ ಮತ್ತೆ ಆನ್ ಮಾಡುವವರೂ ಇದ್ದಾರೆ. ಇಳಿಸುವಾಗ ಮೀಟರ್ ಮೈನಸ್ 18 ಡಿಗ್ರಿ ತೋರಿಸುತ್ತದೆ, ಎಲ್ಲರಿಗೂ ಖುಷಿ. ಅದಕ್ಕೆ ಮಾಲಿನ ಮಧ್ಯೆ ದಾರಿಯುದ್ದಕ್ಕೂ ತಾಪಮಾನ ದಾಖಲಿಸುವ ನಿಮ್ಮದೇ ಒಂದು ಡೇಟಾ ಲಾಗರ್ ಇಡಿ, ಪೂರ್ತಿ ದಾರಿಯ ಗ್ರಾಫ್ ನೋಡಿದ ಮೇಲೆಯೇ ಬಿಲ್ ಪಾಸ್ ಮಾಡಿ.

ಇಲಿ-ಹುಳದ ಮದ್ದಿನವರು "ಸರ್ವಿಸ್ ಆಯ್ತು" ಎಂದು ಚೀಟಿ ಕೊಟ್ಟು ಹೋಗುತ್ತಾರೆ. ಆ ಚೀಟಿಯಿಂದ ಏನೂ ಗೊತ್ತಾಗುವುದಿಲ್ಲ. ಅವರ ಲೈಸೆನ್ಸ್, ಬಳಸಿದ ಮದ್ದಿನ ಹೆಸರು, ನಂಬರ್ ಹಾಕಿದ ಬೋನುಗಳ ನಕ್ಷೆ, ಯಾವ ನಂಬರಿನಲ್ಲಿ ಎಷ್ಟು ಇಲಿ ಬಿತ್ತು, ಇಷ್ಟು ಬೇಕು. ಜೂನ್‌ನಲ್ಲಿ 4ನೇ ನಂಬರಿನಲ್ಲೇ ಮತ್ತೆ ಮತ್ತೆ ಇಲಿ ಬಿದ್ದರೆ, ಅಲ್ಲಿ ಎಲ್ಲೋ ತೂತು ಉಂಟು ಎಂದು ಅರ್ಥ. ವಿಷದ ತುಂಡು ಕಟ್ಟಡದ ಹೊರಗೆ ಮಾತ್ರ, ಒಳಗೆ ಬೋನು. ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಜೀವ ತೆಗೆಯುವ ಫಾಸ್ಫೀನ್ ಅನಿಲ ಬಿಡುತ್ತದೆ, ಅದನ್ನು ನಮ್ಮ ಹುಡುಗರ ಕೈಗೆ ಕೊಡಲೇಬಾರದು. ಪರವಾನಗಿ ಇರುವವರೇ ಇಡಬೇಕು, ಗಾಳಿಯಾಡಿಸಿ, ಮೀಟರಿನಲ್ಲಿ ಅಳೆದು ಬರೆದುಕೊಟ್ಟ ಮೇಲೆಯೇ ಜನ ಒಳಗೆ ಹೋಗಬೇಕು.

ವೆಲ್ಡಿಂಗ್‌ನವರ ಸ್ಪ್ಯಾನರು, ಬೋಲ್ಟು ಎಲ್ಲ ಒಳಗೆ ಹೋಗುವಾಗ ಎಣಿಸಿ, ಹೊರಗೆ ಬರುವಾಗ ಎಣಿಸಿ. ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ (ಲ್ಯಾಬ್‌ಗಳ ಸಾಮರ್ಥ್ಯ ನೋಡಿ ರಾಷ್ಟ್ರೀಯ ಮಂಡಳಿ ಕೊಡುವುದು) ಉಂಟು ಎಂದರೆ ಅಷ್ಟಕ್ಕೇ ಸುಮ್ನೆ ಆಗಬೇಡಿ, ನಿಮಗೆ ಬೇಕಾದ ಪರೀಕ್ಷೆ ಅವರ ಮಾನ್ಯತೆಯ ಪಟ್ಟಿಯಲ್ಲಿ ಇದೆಯಾ ನೋಡಿ.

ಕರಾರು ಉದ್ದ ಬೇಡ. ಒಂದು ಪುಟ ಕನ್ನಡದಲ್ಲಿ ಸಾಕು. "ಗುಣಮಟ್ಟ ಕಾಪಾಡತಕ್ಕದ್ದು" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಮೀನು, ಗೊಬ್ಬರ, ಫಿನಾಯಿಲ್ ಹೊತ್ತ ಗಾಡಿ ಬಂದರೆ ವಾಪಸ್, ಬಾಡಿಗೆ ಇಲ್ಲ" ಎಂದು ಬರೆಯಿರಿ. ವಾಪಸ್ ಕಳಿಸುವ ಅಧಿಕಾರ ಗೇಟಿನಲ್ಲಿ ಇರುವವರಿಗೇ ಕೊಡಿ, ಬದಲಿ ಗಾಡಿಯವರ ನಂಬರೂ ಅವರ ಹತ್ತಿರ ಇರಲಿ. ನಮ್ಮಲ್ಲಿ ಈಗ ಆ ಟಾರ್ಚ್ ವಾಚ್‌ಮನ್ ಕೈಯಲ್ಲೇ ಇರುತ್ತದೆ. ಕಳೆದ ವಾರ ಒಂದು ಲಾರಿ ವಾಪಸ್ ಕಳಿಸಿದರು, ಧಣಿಗಳು ಮಧ್ಯಾಹ್ನದವರೆಗೆ ಮುಖ ಊದಿಸಿಕೊಂಡಿದ್ದರು.