ಜರ್ಮನಿಯಲ್ಲಿ ಸೈಕಲ್ ದೀಪ: ಗುರುತು ನೋಡಿ, ಗೋಡೆ ಮುಂದೆ ನಿಲ್ಲಿಸಿ

ಓದಲೆಂದೋ ಕೆಲಸಕ್ಕೆಂದೋ ಜರ್ಮನಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡವರು ಬ್ರೇಕ್ ಆದಮೇಲೆ ನೋಡಬೇಕಾದ್ದು ದೀಪ. ಅಲ್ಲಿನ ವಾಹನ ನಿಯಮಾವಳಿಯ 67ನೇ ಕಲಂ ಇದಕ್ಕೆಂದೇ ಇದೆ. ಊರಿಂದ ಒಯ್ದ ಮಿಣುಕು ದೀಪ ನಡೆಯದು. ಮುಂದೆಯಾಗಲಿ ಹಿಂದೆಯಾಗಲಿ ಮಿನುಗುವ ದೀಪಕ್ಕೆ ಅವಕಾಶವೇ ಇಲ್ಲ.

ದೀಪದ ಮೈಮೇಲೆ ಅಲೆಯಂಥ ಗೆರೆ, ಇಂಗ್ಲಿಷಿನ ‘ಕೆ’ ಅಕ್ಷರ, ಪಕ್ಕದಲ್ಲೊಂದು ಸಂಖ್ಯೆ ಅಚ್ಚಾಗಿರಬೇಕು. ಅದಿಲ್ಲದ್ದನ್ನು ಕೊಳ್ಳಬೇಡಿ. ಡಬ್ಬಿಯ ಮೇಲೆ ‘ಸಾವಿರ ಲುಮೆನ್’ ಎಂದಿದ್ದರೆ ಮರುಳಾಗಬೇಡಿ. ಲುಮೆನ್ ಎಂದರೆ ದೀಪ ಸುತ್ತ ಚೆಲ್ಲುವ ಒಟ್ಟು ಬೆಳಕು. ರಸ್ತೆಗೆ ಎಷ್ಟು ಬಿದ್ದೀತು ಎಂಬುದನ್ನು ಹೇಳುವುದು ಲಕ್ಸ್. ಮುಂದಿನ ದೀಪಕ್ಕೆ 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಬೇಕು. ಬ್ಯಾಟರಿ ದೀಪಕ್ಕೆ 2013ರಿಂದ ಒಪ್ಪಿಗೆಯಿದೆ, ಹಗಲಲ್ಲಿ ಕಳಚಿಡಬಹುದು. ಕತ್ತಲಲ್ಲಿ ದೀಪವಿಲ್ಲದೆ ಸಿಕ್ಕಿಬಿದ್ದರೆ 20 ಯೂರೊ ದಂಡ.

ಮುಂದಿನ ದೀಪ ನೆಲದಿಂದ 40ರಿಂದ 120 ಸೆಂ.ಮೀ. ಎತ್ತರದಲ್ಲಿರಲಿ, ಹಿಂದಿನದು 25ರಿಂದ 120. ಅಪ್ಪಣೆ ಪಡೆದ ದೀಪದ ಬೆಳಕಿನ ಮೇಲಂಚು ಚಾಕುವಿನಲ್ಲಿ ಕೊಯ್ದಂತಿರುತ್ತದೆ, ಎದುರು ಬರುವವರ ಕಣ್ಣಿಗೆ ಹೊಡೆಯದಿರಲೆಂದು. ಜಾಗ ಸಾಲದೆಂದು ಅದನ್ನು ಹ್ಯಾಂಡಲ್ ಕೆಳಗೆ ತಲೆಕೆಳಗಾಗಿ ತೂಗಿಬಿಟ್ಟರೆ ಅದೇ ಅಂಚು ಕೆಳಗೆ ಬಂದು ಬೆಳಕೆಲ್ಲ ಮೇಲಕ್ಕೇ.

ಇನ್ನು ಕೋನ. ಗೋಡೆಯಿಂದ ದೀಪಕ್ಕೆ 5 ಮೀಟರ್ ಅಳೆದು, ಸಮ ನೆಲದಲ್ಲಿ ಸೈಕಲ್ ನೆಟ್ಟಗೆ ನಿಲ್ಲಿಸಿ. ದೀಪದ ಎತ್ತರಕ್ಕೆ ಗೋಡೆಯಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಮೇಲಂಚು ಆ ಗೆರೆಗಿಂತ ಕೆಳಗೇ ಇರಬೇಕು. ಹಳೆಯ ಲೆಕ್ಕದಲ್ಲಿ ಬೆಳಕಿನ ನಡುಭಾಗ ದೀಪದ ಅರ್ಧ ಎತ್ತರಕ್ಕೆ ಬೀಳಬೇಕು: ದೀಪ 80 ಸೆಂ.ಮೀ.ನಲ್ಲಿದ್ದರೆ ಗೋಡೆಯಲ್ಲಿ 40. ಆಗ ಅದು 10 ಮೀಟರ್ ಮುಂದೆ ನೆಲ ಮುಟ್ಟುತ್ತದೆ. ತೀರಾ ಬಗ್ಗಿಸಿದರೆ ಚಕ್ರದ ಮುಂದಿನ ಗುಂಡಿ ಮಾತ್ರ ಕಂಡೀತು, ಅದೂ ತಡವಾಗಿ.

ಸೀಟಿನ ಕಂಬಕ್ಕೆ ಕಟ್ಟಿದ ಕೆಂಪು ದೀಪದ ತೊಂದರೆ ಬೇರೆ. ಕಂಬ ಓರೆ, ಹಾಗಾಗಿ ದೀಪ ನೆಲ ನೋಡುತ್ತದೆ. ಉದ್ದನೆ ಕೋಟು ಅದನ್ನೂ ಮುಚ್ಚುತ್ತದೆ. ಕ್ಯಾರಿಯರ್ ಇದ್ದರೆ ಅದರ ಹಿಂತುದಿಗೆ ತಿರುಪು ಹಾಕಿ ಕೂರಿಸುವುದೇ ಮೇಲು.

ದೀಪವಾಯಿತು ಎಂದು ರಿಫ್ಲೆಕ್ಟರ್ ಮರೆಯಬೇಡಿ: ಮುಂದೆ ಬಿಳಿ, ಹಿಂದೆ ಕೆಂಪು, ಪೆಡಲ್‌ಗಳಲ್ಲಿ ಹಳದಿ. ಚಕ್ರಕ್ಕೆ ಎದುರುಬದುರಾಗಿ ಎರಡು ಹಳದಿ, ಇಲ್ಲವೇ ಟೈರಿನ ಸುತ್ತ ಬಿಳಿ ಪಟ್ಟಿ. ಶೂ ಕಚ್ಚಿಕೊಳ್ಳುವ ರೇಸಿಂಗ್ ಪೆಡಲ್ ಹಾಕಿಸಿಕೊಂಡವರ ಸೈಕಲ್‌ನಲ್ಲಿ ಸಾಮಾನ್ಯವಾಗಿ ಕಾಣೆಯಾಗುವುದು ಪೆಡಲಿನವೇ.