ಏರೋಪ್ರೆಸ್ಸಿನಲ್ಲಿ ಗಟ್ಟಿ ಡಿಕಾಕ್ಷನ್: ನನ್ನ ಅನುಭವ

ಹಾಲು ಬೆರೆಸಿದರೂ ಸಪ್ಪೆಯಾಗದ ಗಟ್ಟಿ ಡಿಕಾಕ್ಷನ್ ಏರೋಪ್ರೆಸ್ಸಿನಿಂದ, ಅಂದರೆ ಕೊಳವೆಯಲ್ಲಿ ಪುಡಿ ಮತ್ತು ಬಿಸಿನೀರು ಹಾಕಿ ಕೈಯಿಂದ ಒತ್ತಿ ಕಾಗದದ ಮೂಲಕ ಕಾಫಿ ಇಳಿಸುವ ಸಾಧನದಿಂದ, ಇಳಿಯುವುದಿಲ್ಲ ಎಂದು ನನಗೆ ಹೇಳದವರೇ ಇರಲಿಲ್ಲ. ಪ್ರೆಸ್ ಇಟ್ಟುಕೊಂಡಿರುವ ಗೆಳೆಯರು ಅದು ಹಾಲಿಲ್ಲದ ಕಾಫಿಗಷ್ಟೇ ಸರಿ ಎಂದರು. ಹಿತ್ತಾಳೆ ಫಿಲ್ಟರನ್ನು ಬಿಟ್ಟು ಬೇರೊಂದನ್ನು ಮುಟ್ಟದ ನಮ್ಮ ಭಾವ ಅದನ್ನು ದುಡ್ಡಿನ ದಂಡ ಎಂದರು. ಅಮ್ಮ ಮೊದಲ ದಿನ ನೋಡಿ, "ಇದೇನೋ, ಪಿಚಕಾರಿಯಲ್ಲಿ ಕಾಫಿ ಮಾಡ್ತೀಯಾ?" ಎಂದು ಕೇಳಿ, ತಮ್ಮ ಫಿಲ್ಟರಿಗೆ ಎಂದಿನಂತೆ ಪುಡಿ ತುಂಬಿಟ್ಟರು. ಈಗ ಒಂದೂವರೆ ವರ್ಷದಿಂದ ಮೈಸೂರಿನ ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಈ ಪ್ರೆಸ್ಸಿನಲ್ಲೇ ಆಗುತ್ತಿದೆ, ಅಮ್ಮನ ಲೋಟವೂ ಅದರಲ್ಲಿ ಸೇರಿದೆ. ಅಲ್ಲಿಗೆ ಮುಟ್ಟಲು ನನಗೆ ಹಿಡಿದ ಕಾಲ ಮತ್ತು ಹಣ ಎರಡೂ ಸಣ್ಣವಲ್ಲವಾದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಪ್ರೆಸ್ ಕೊಂಡದ್ದು 2018ರಲ್ಲಿ, ಮೂರು ಸಾವಿರದ ಚಿಲ್ಲರೆಗೆ. ಜೊತೆಗೆ 350 ಕಾಗದದ ಫಿಲ್ಟರುಗಳು ಬಂದಿದ್ದವು. ಅವುಗಳಲ್ಲಿ ಮೊದಲ ನೂರನ್ನು ನಾನು ಶುದ್ಧವಾಗಿ ಹಾಳುಮಾಡಿದೆ, ಏಕೆಂದರೆ ಮನೆಗೆ ಬರುತ್ತಿದ್ದ ಚಿಕೋರಿ ಬೆರೆತ ಪುಡಿಯನ್ನೇ ಅದಕ್ಕೂ ಹಾಕುತ್ತಿದ್ದೆ. ನೂರಕ್ಕೆ ಇಪ್ಪತ್ತರಷ್ಟು ಚಿಕೋರಿ ಇರುವ ಪುಡಿ ಬಿಸಿನೀರು ತಾಗಿದೊಡನೆ ಅಂಟಿನಂತಾಗಿ ಕಾಗದದ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಹಿತ್ತಾಳೆ ಫಿಲ್ಟರಿನಲ್ಲಿ ಇದೇ ಗುಣದಿಂದ ಡಿಕಾಕ್ಷನ್ ನಿಧಾನವಾಗಿ ಇಳಿದು ಗಟ್ಟಿಯಾಗುತ್ತದೆ, ಪ್ರೆಸ್ಸಿನಲ್ಲಿ ಕೈ ನೋವಾಗುವುದಷ್ಟೇ ಲಾಭ. ಒಂದು ಬೆಳಿಗ್ಗೆ ಪ್ಲಂಜರ್ (ಕೊಳವೆಯೊಳಗೆ ಒತ್ತುವ ದಂಡ) ಕೆಳಗಿಳಿಯದೆ ನಿಂತಾಗ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟೆ. ಕೆಳಗಿದ್ದ ಗಾಜಿನ ಲೋಟ ಜಾರಿ ಒಡೆಯಿತು, ಪ್ರೆಸ್ ಅಡ್ಡಬಿದ್ದು ಕಟ್ಟೆಯ ಮೇಲೆಲ್ಲ ಚರಟ ಹರಡಿತು, ಎಡ ಮುಂಗೈ ಮೇಲೆ ರೂಪಾಯಿಯಗಲ ಬೊಬ್ಬೆ ಎದ್ದಿತು. ಅಂದಿನಿಂದ ಸ್ಟೀಲಿನ ದಪ್ಪ ಲೋಟದ ಮೇಲಲ್ಲದೆ ಬೇರೆಲ್ಲೂ ಒತ್ತುವುದಿಲ್ಲ.

ಆಮೇಲೆ ಬೀಜ ತಂದು ಮನೆಯಲ್ಲೇ ಪುಡಿಮಾಡಲು ಹೊರಟೆ. ಮಿಕ್ಸಿಯಲ್ಲಿ ಅರ್ಧ ಹಿಟ್ಟು, ಅರ್ಧ ನುಚ್ಚು ಆಯಿತು. ಸಾವಿರದ ಇನ್ನೂರಕ್ಕೆ ಕೊಂಡ ಸೆರಾಮಿಕ್ ಬರ್ (ಬೀಜ ಅರೆಯುವ ಹಲ್ಲು) ಇದ್ದ ಕೈಗ್ರೈಂಡರಿನ ನಡುವಿನ ಕಡ್ಡಿ ಅಲ್ಲಾಡುತ್ತಿದ್ದುದರಿಂದ ಅದರ ಪುಡಿಯೂ ಅಷ್ಟಕ್ಕಷ್ಟೇ. ಸ್ಟೀಲ್ ಬರ್ ಇರುವ ಗ್ರೈಂಡರಿಗೆ ಐದೂವರೆ ಸಾವಿರವೋ ಏನೋ ಕೊಟ್ಟ ಮೇಲೆಯೇ ಪುಡಿ ಒಂದೇ ಸಮನಾಗಿ ಬಂದದ್ದು. ನಡುವೆ ಕೆಟ್ಟ ಬೀಜ, ಒಂದು ಲೋಹದ ಜಾಲರಿ ತಟ್ಟೆ, ತೂಕದ ಯಂತ್ರ ಎಲ್ಲ ಸೇರಿ ಹದಿಮೂರು ಸಾವಿರದ ಹತ್ತಿರ ಖರ್ಚಾಗಿದೆ. ಇದೇ ದಾರಿಗೆ ಇಳಿಯುವವರು ಪ್ರೆಸ್ಸಿನ ಮುಂಚೆ ಗ್ರೈಂಡರಿಗೆ ಹಣ ಎತ್ತಿಡಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪುಡಿ ಸರಿಯಾದರೂ ಡಿಕಾಕ್ಷನ್ ತೆಳ್ಳಗೇ ಇತ್ತು. ಈ ಪ್ರೆಸ್ಸನ್ನು ರೂಪಿಸಿ 2005ರಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಅಲನ್ ಆಡ್ಲರ್ ಅವರ ಕ್ರಮದಂತೆ 80 ಡಿಗ್ರಿಯ ನೀರು ಹಾಕಿ, ಹತ್ತು ಸೆಕೆಂಡು ಕಲಕಿ, ಒತ್ತಿ ನೋಡಿದೆ. ಅವರಿಗೆ ಬೇಕಿದ್ದುದು ಕಹಿಯಿಲ್ಲದ ಕಾಫಿ, ಅದು ಸಿಗುತ್ತದೆ ಕೂಡ. ಆದರೆ ನನ್ನ ಹದವಾಗಿ ಹುರಿದ ಅರೇಬಿಕಾಗೆ ಆ ಶಾಖ ಸಾಲದೆ ಹುಳಿ ಬಂತು, ಹಾಲು ಬಿದ್ದೊಡನೆ ಕಾಫಿಯ ರುಚಿಯೇ ಮಾಯವಾಯಿತು. ಹಾಗಾದರೆ ಒತ್ತಡ ಹೆಚ್ಚಿಸೋಣವೆಂದು ಪ್ರೆಸ್ಸನ್ನು ಮನುಷ್ಯರ ತೂಕ ನೋಡುವ ಯಂತ್ರದ ಮೇಲಿಟ್ಟು ಒತ್ತಿದೆ. ಆರಾಮವಾಗಿ ಒತ್ತಿದಾಗ ಮುಳ್ಳು 15 ಕಿಲೋ ತೋರಿಸಿತು, ಕೈ ನಡುಗುವವರೆಗೆ ಒತ್ತಿದರೆ ಮೂವತ್ತರ ಆಸುಪಾಸು. ಕೊಳವೆಯ ಅಡ್ಡಳತೆ ಸುಮಾರು ಆರು ಸೆಂಟಿಮೀಟರ್ ಎಂದಿಟ್ಟುಕೊಂಡರೆ 30 ಕಿಲೋ ಒತ್ತಿದರೂ ಒಂದು ಬಾರ್ ಚಿಲ್ಲರೆಯಷ್ಟೇ ಒತ್ತಡವಾಗುತ್ತದೆ, ಎಸ್ಪ್ರೆಸೊ ಯಂತ್ರಗಳು ಕೆಲಸ ಮಾಡುವುದು 9 ಬಾರ್‌ನಲ್ಲಿ. ಎರಡೂ ಲೋಟಗಳನ್ನು ಪಕ್ಕಪಕ್ಕ ಇಟ್ಟು ಕುಡಿದರೆ ಬಲವಾಗಿ ಒತ್ತಿದ್ದು ಹೆಚ್ಚು ಗಟ್ಟಿಯೇನೂ ಆಗಿರಲಿಲ್ಲ, ತಳದಲ್ಲಿ ಗಸಿ ಮಾತ್ರ ಹೆಚ್ಚಿತ್ತು. ತೋಳಿನ ಬಲದಿಂದ ಡಿಕಾಕ್ಷನ್ ಗಟ್ಟಿಯಾಗುವುದಿಲ್ಲ ಎಂಬುದು ಆ ದಿನ ನನಗೆ ಖಚಿತವಾಯಿತು, ಮುಂದಿನ ಕೆಲಸವೆಲ್ಲ ನೀರಿನ ಅಳತೆಯ ಮೇಲೆ ನಡೆಯಿತು.

ಈಗಿನ ನನ್ನ ಕ್ರಮ ಹೀಗಿದೆ. ಪ್ರೆಸ್ಸನ್ನು ತಲೆಕೆಳಗಾಗಿ ನಿಲ್ಲಿಸಿ 24 ಗ್ರಾಂ ಪುಡಿ ಹಾಕುತ್ತೇನೆ. ಪುಡಿ ಅಂಗಡಿಯ ಫಿಲ್ಟರ್ ಪುಡಿಗಿಂತ ಕೂದಲೆಳೆಯಷ್ಟು ತರಿಯಾಗಿದ್ದು, ಬೆರಳಲ್ಲಿ ಉಜ್ಜಿದರೆ ಸಣ್ಣ ಉಪ್ಪಿನಂತೆ ಕೈಗೆ ಸಿಗಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಒಲೆ ಆರಿಸಿ ಅರ್ಧ ನಿಮಿಷದೊಳಗೆ ಸುರಿದುಬಿಡುತ್ತೇನೆ. ಮೊದಲು 40 ಮಿ.ಲೀ. ಮಾತ್ರ. ಆ ನೀರು ಪುಡಿಯನ್ನು ಪೂರ್ತಿ ನೆನೆಸಲು ಸಾಲದೆಂದೇ ತೋರುತ್ತದೆ, ಆದರೆ ಚಮಚದ ಹಿಡಿಯಿಂದ ತಳದವರೆಗೆ ಇರಿದಿರಿದು ಕಲಕಿದರೆ ಇಪ್ಪತ್ತು ಸೆಕೆಂಡಿನಲ್ಲಿ ಪುಡಿಯೆಲ್ಲ ಕೆಸರಿನಂತಾಗಿ, ಅಲ್ಲಲ್ಲಿ ಗುಳ್ಳೆ ಒಡೆದು, ಮೇಲ್ಭಾಗ ಕಡು ಕಂದು ಬಣ್ಣಕ್ಕೆ ತಿರುಗಿ ಹೊಳೆಯತೊಡಗುತ್ತದೆ. ಆ ಹೊಳಪು ಬರುವ ಮೊದಲು ಉಳಿದ ನೀರನ್ನು ಸುರಿದವರಿಗೆ ಗಟ್ಟಿ ಡಿಕಾಕ್ಷನ್ ಸಿಗುವುದಿಲ್ಲ. ಹೊಳಪು ಬಂದ ಮೇಲೆ ಇನ್ನೊಂದು 50 ಮಿ.ಲೀ. ಹಾಕಿ, ಒದ್ದೆಮಾಡಿದ ಎರಡು ಕಾಗದಗಳನ್ನು ಒಂದರ ಮೇಲೊಂದಿಟ್ಟು ಮುಚ್ಚಳ ಬಿಗಿಯುತ್ತೇನೆ. ಎರಡು ನಿಮಿಷ ದಾಟಿದ ಮೇಲೆ ಲೋಟದ ಮೇಲೆ ತಿರುಗಿಸಿಟ್ಟು, ಮುಕ್ಕಾಲು ನಿಮಿಷ ಹಿಡಿಯುವಷ್ಟು ನಿಧಾನವಾಗಿ ಒತ್ತುತ್ತೇನೆ. ಗಾಳಿ ಬುಸ್ಸೆನ್ನುವ ಮೊದಲೇ ಕೈ ತೆಗೆಯಬೇಕು. ನೀರಿನಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಚರಟವೇ ಹಿಡಿದುಕೊಂಡು, 45ರಿಂದ 50 ಮಿ.ಲೀ. ಕೆಳಗಿಳಿಯುತ್ತದೆ.

ಅಷ್ಟು ಡಿಕಾಕ್ಷನ್ ನಮ್ಮ ಅಳತೆಯ ಎರಡು ಲೋಟಕ್ಕೆ ಸಾಕು. ಲೋಟಕ್ಕೆ 80 ಮಿ.ಲೀ. ಕಾದ ಹಾಲು ಬೆರೆಸಿದರೂ ಬಣ್ಣ ಕೆಂಪಗೇ ನಿಲ್ಲುತ್ತದೆ. ದಸರೆಗೆ ಬಂದಿದ್ದ ಭಾವನಿಗೆ ಯಾವುದರಲ್ಲಿ ಮಾಡಿದ್ದೆಂದು ಹೇಳದೆ ಕೊಟ್ಟೆ. ಅವರು ಇದು ಮೊದಲ ಡಿಕಾಕ್ಷನ್ನೇ ಇರಬೇಕು ಎಂದು ಹೇಳಿ ಇನ್ನರ್ಧ ಲೋಟ ಕೇಳಿದರು. ಹೇಳಿದ ಮೇಲೆಯೂ ಮಾತು ಬದಲಿಸಲಿಲ್ಲ ಎಂಬುದು ನನಗೆ ಹೆಮ್ಮೆ. ಬೀಜ ಕಿಲೋಗೆ ಸಾವಿರ ರೂಪಾಯಿ ಎಂದು ಹಿಡಿದರೆ ಲೋಟಕ್ಕೆ ಹನ್ನೆರಡು ರೂಪಾಯಿಯ ಬೀಜ ಬೀಳುತ್ತದೆ. ಫಿಲ್ಟರಿನ ಲೆಕ್ಕಕ್ಕೆ ಇದು ದುಬಾರಿಯೆಂದು ಒಪ್ಪುತ್ತೇನೆ, ಆದರೆ ರಾತ್ರಿಯೇ ಪುಡಿ ತುಂಬಿಡುವ ಕೆಲಸವಿಲ್ಲ, ತಣಿದ ಡಿಕಾಕ್ಷನ್ನನ್ನು ಮತ್ತೆ ಬಿಸಿಮಾಡಿ ಕುಡಿಯುವ ಪಾಡೂ ಇಲ್ಲ.

ಬೀಜದ ವಿಷಯದಲ್ಲಿ ಇಷ್ಟು ಹೇಳಬಲ್ಲೆ: ಅರೇಬಿಕಾ ಪೀಬೆರಿಯ (ಹಣ್ಣಿಗೊಂದೇ ಇರುವ ದುಂಡು ಬೀಜ) ಜೊತೆಗೆ ತೊಳೆದು ಒಣಗಿಸಿದ ರೋಬಸ್ಟಾ ಪಾರ್ಚ್‌ಮೆಂಟ್ ಬೆರೆಸುತ್ತೇನೆ. ರೋಬಸ್ಟಾ ಚೆರ್ರಿ (ಹಣ್ಣಿನೊಡನೆಯೇ ಒಣಗಿಸಿದ್ದು) ಹಾಕಿದಾಗ ಗಟ್ಟಿತನವೇನೋ ಬಂತು, ಆದರೆ ಸುಟ್ಟ ಗೋಣಿಯಂಥ ವಾಸನೆ ಹಾಲಿನಲ್ಲೂ ಅಡಗಲಿಲ್ಲ. ಎರಡರ ಪ್ರಮಾಣವನ್ನೂ, ಹುರಿದ ಎಷ್ಟನೆಯ ದಿನ ಡಬ್ಬಿ ತೆರೆಯುತ್ತೇನೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾನು ಹಾಳುಮಾಡಿದ ಬೀಜ ನಾಲ್ಕು ಕಿಲೋಗೆ ಕಡಿಮೆಯಿಲ್ಲ.

ಅಡ್ಡದಾರಿಯ ಪ್ರಯೋಗಗಳೂ ನಡೆದಿವೆ. ಚರಟಕ್ಕೆ ಮತ್ತೆ ನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೆದರೆ ಬಣ್ಣದ ನೀರಷ್ಟೇ ಬಂತು. ಕಾಗದದ ಬದಲು ಲೋಹದ ತಟ್ಟೆ ಹಾಕಿದರೆ ಕಾಫಿಯ ಎಣ್ಣೆಯಂಶ ಉಳಿದು ನಾಲಿಗೆಗೆ ತುಂಬಿದಂತಾಗುತ್ತದೆ, ಆದರೆ ಕೊನೆಯ ಗುಟುಕಿನಲ್ಲಿ ಗಸಿ ಸಿಗುವುದನ್ನು ಅಮ್ಮ ಒಪ್ಪಲಿಲ್ಲ. ಫಲ ಕೊಟ್ಟದ್ದು ಚಿಕೋರಿಯ ಪ್ರಯೋಗ. ಅದಿಲ್ಲದೆ ಕಾಫಿ ಬಾಯಲ್ಲಿ ನಿಲ್ಲುವುದಿಲ್ಲ ಎಂದು ಅಮ್ಮ ಹೇಳುತ್ತಲೇ ಇದ್ದುದರಿಂದ, ಕಾಲು ಚಮಚ ಚಿಕೋರಿಯನ್ನು ಎರಡು ಚಮಚ ಕುದಿನೀರಿನಲ್ಲಿ ಬೇರೆಯಾಗಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಇಳಿಸಿದ ಡಿಕಾಕ್ಷನ್‌ಗೆ ಬೆರೆಸಿದೆ. ಕಾಗದ ಕಟ್ಟಿಕೊಳ್ಳಲಿಲ್ಲ, ಅವರಿಗೆ ಬೇಕಾದ ಮಂದವೂ ಬಂತು. ಮರುದಿನ ಬೆಳಿಗ್ಗೆ ಅವರ ಹಿತ್ತಾಳೆ ಫಿಲ್ಟರ್ ಕಪಾಟಿನಲ್ಲೇ ಇತ್ತು.

ನಾಲ್ಕು ಜನಕ್ಕಿಂತ ಹೆಚ್ಚಾದರೆ ಈಗಲೂ ಅದನ್ನು ಇಳಿಸುತ್ತೇವೆ. ಪ್ರೆಸ್ಸಿನಲ್ಲಿ ಎರಡು ಲೋಟಕ್ಕೆ ಐದು ನಿಮಿಷ ಬೇಕಾಗುವುದರಿಂದ ನೆಂಟರನ್ನು ಕಾಯಿಸಿದಂತಾಗುತ್ತದೆ. ರಬ್ಬರಿನ ತುದಿಯನ್ನು ಎರಡು ಸಲ ಬದಲಿಸಿದ್ದೇನೆ. ತೊಳೆದ ಮೇಲೆ ಪ್ಲಂಜರನ್ನು ಕೊಳವೆಯೊಳಗೆ ಬಿಡದೆ ಹೊರಗೇ ಒಣಗಲಿಟ್ಟರೆ ಅದು ಹೆಚ್ಚು ಕಾಲ ಬಿಗಿಯಾಗಿರುತ್ತದೆ.