ಡೈ ಹಾಕುವ ಮುಂಚೆ ನಾನು ಮಾಡುವುದು

"ನನಗೆ ಸಿಗಡಿ ಆಗುವುದಿಲ್ಲ, ಡೈ ಹಾಕಬಹುದಾ?"

ಕರಾವಳಿಯ ಆಸ್ಪತ್ರೆಯೊಂದರಲ್ಲಿ ನಾನು ಸಿಟಿ ಸ್ಕ್ಯಾನ್ ಟೆಕ್ನಾಲಜಿಸ್ಟ್. ಈ ಪ್ರಶ್ನೆ ನಮ್ಮಲ್ಲಿ ಆಗಾಗ ಬರುತ್ತದೆ. ಡೈ ಅಂದರೆ ಸ್ಕ್ಯಾನಿನಲ್ಲಿ ರಕ್ತನಾಳ ಚೆನ್ನಾಗಿ ಕಾಣಲಿ ಅಂತ ಕೈಯ ನರಕ್ಕೆ, ಅಂದರೆ ರಕ್ತನಾಳಕ್ಕೆ, ಕೊಡುವ ದ್ರವ. ಸಿಗಡಿಯಲ್ಲೂ ಅಯೋಡಿನ್ ಇದೆ, ಡೈಯಲ್ಲೂ ಇದೆ, ಹಾಗಾಗಿ ಒಂದು ಆಗದವರಿಗೆ ಇನ್ನೊಂದೂ ಆಗದು ಎಂಬ ನಂಬಿಕೆ. ಮೊದಮೊದಲು ನಾನೂ ಹಾಗೇ ನಂಬಿದ್ದೆ. ಸಿಗಡಿ ತಿಂದು ಮೈ ತುರಿಸುವುದು ಅದರ ಮಾಂಸದಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನಿನಿಂದ. ಅಯೋಡಿನ್ ಪಾಪ ಏನೂ ಮಾಡಿರುವುದಿಲ್ಲ. ಆದರೂ ಆ ಮಾತನ್ನು ಬರೆದುಕೊಳ್ಳುತ್ತೇನೆ. ಅಲರ್ಜಿಯ ಮೈ ಇರುವವರಿಗೆ, ಆಸ್ತಮಾ ಇರುವವರಿಗೆ ಅಪಾಯ ಸ್ವಲ್ಪ ಜಾಸ್ತಿ. ಮುಖ್ಯವಾಗಿ ಕೇಳುವುದು ಇದು: "ಮುಂಚೆ ಯಾವಾಗಾದರೂ ಡೈ ಹಾಕಿಸಿಕೊಂಡಿದ್ದೀರಾ? ಆಗ ಏನಾದರೂ ಆಗಿತ್ತಾ?" ಆಗಿತ್ತು ಅಂದರೆ ಅಲ್ಲಿಗೇ ನಿಲ್ಲಿಸಿ ಸ್ಕ್ಯಾನ್ ನೋಡುವ ವೈದ್ಯರಾದ ರೇಡಿಯಾಲಜಿಸ್ಟರನ್ನು ಕರೆಯುತ್ತೇನೆ.

ನಾವೆಲ್ಲ ಡೈ ಅನ್ನುತ್ತೇವೆ, ಆದರೆ ಅದರಲ್ಲಿ ಬಣ್ಣವೇ ಇಲ್ಲ. ನೀರಿನ ಹಾಗೆ ತಿಳಿ, ಮುಟ್ಟಿದರೆ ಪಾಕದಂತೆ ಅಂಟು. ಅದರೊಳಗಿನ ಅಯೋಡಿನ್ ಎಕ್ಸ್‌ರೇಯನ್ನು ತಡೆಯುವುದರಿಂದ ರಕ್ತನಾಳ ಬೆಳ್ಳಗೆ ಕಾಣುತ್ತದೆ. ನಮ್ಮಲ್ಲಿ ಬಳಸುವುದು ಅಯೋಹೆಕ್ಸಾಲ್ 350 ಎಂಬ ಡೈ. ಒಂದು ಎಂ.ಎಲ್.ನಲ್ಲಿ 350 ಮಿಲಿಗ್ರಾಂ ಅಯೋಡಿನ್. 20 ಡಿಗ್ರಿಯಲ್ಲಿ ಅದಕ್ಕಿರುವ ಮಂದತನ 37 ಡಿಗ್ರಿಗೆ ಬಂದಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಸಿ ರೂಮಿನಲ್ಲಿ ತಣ್ಣಗೆ ಕೂತಿದ್ದ ಬಾಟಲಿಯನ್ನು ಹಾಗೇ ಡೈ ತಳ್ಳುವ ಯಂತ್ರಕ್ಕೆ, ಅಂದರೆ ಇಂಜೆಕ್ಟರ್‌ಗೆ ಹಾಕಿದರೆ ನರದ ಮೇಲೆ ಒತ್ತಡ ಎಷ್ಟು ಬೀಳಬಹುದು, ಯೋಚಿಸಿ. ಬೆಳಿಗ್ಗೆ ಬಂದ ಕೂಡಲೇ ನಾನು ಮೊದಲು ಡೈ ಬಾಟಲಿ ಬೆಚ್ಚಗಿಡುವ ವಾರ್ಮರ್ ಆನ್ ಮಾಡುತ್ತೇನೆ.

ಹಳೆಯ ಡೈಗಳು ಇನ್ನೂ ಕಷ್ಟ ಕೊಡುತ್ತಿದ್ದವು. ರಕ್ತದಲ್ಲಿ ಕರಗಿರುವ ಕಣಗಳ ಸಾಂದ್ರತೆ, ಅಂದರೆ ಆಸ್ಮೊಲಾಲಿಟಿ, ಸುಮಾರು 290. ಆ ಡೈಗಳದ್ದು 1,500ಕ್ಕೂ ಮೇಲೆ. ಈಗಿನದು 840ರ ಆಸುಪಾಸು. ಈ ಬದಲಾವಣೆಗೆ ದಾರಿ ತೋರಿದವರು ಸ್ವೀಡನ್ನಿನ ವೈದ್ಯ ಟಾರ್ಸ್ಟೆನ್ ಆಲ್ಮೆನ್. ಜಾಸ್ತಿ ಉಪ್ಪಿನ ಸಮುದ್ರದಲ್ಲಿ ಕಣ್ಣು ಉರಿಯುತ್ತದೆ, ಕಡಿಮೆ ಉಪ್ಪಿನ ಬಾಲ್ಟಿಕ್‌ನಲ್ಲಿ ಉರಿಯುವುದಿಲ್ಲ ಎಂಬುದರಿಂದ ಅವರಿಗೆ ಈ ಯೋಚನೆ ಬಂತಂತೆ. ಸಮುದ್ರದ ಪಕ್ಕದಲ್ಲೇ ಬೆಳೆದ ನನಗೆ ಇದು ಬಹಳ ಇಷ್ಟದ ಕಥೆ.

ಆಮೇಲೆ ಕಿಡ್ನಿ. ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ 1.2 ಎಂಬ ರಿಪೋರ್ಟ್ ನೋಡಿ ಸುಮ್ನೆ ಮುಂದೆ ಹೋಗಬಾರದು. ಅದೇ 1.2ಕ್ಕೆ 25ರ ಹುಡುಗನ ಇಜಿಎಫ್ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಂದಾಜು, 86ರ ಹತ್ತಿರ, 75ರ ಅಜ್ಜಿಯದು 47ರ ಹತ್ತಿರ. 30ಕ್ಕಿಂತ ಕೆಳಗಿದ್ದರೆ ಡೈ ಬೇಕೇ ಬೇಕಾ ಅಂತ ವೈದ್ಯರೇ ತೀರ್ಮಾನಿಸಬೇಕು. ಅಂಥವರು ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಅದನ್ನು 48 ಗಂಟೆ ನಿಲ್ಲಿಸಿ, ಕಿಡ್ನಿ ಮತ್ತೆ ನೋಡಿಯೇ ಶುರು ಮಾಡಬೇಕು.

ನನ್ನಿಂದ ಒಂದು ತಪ್ಪಾಗಿದೆ. ಕೆಲಸಕ್ಕೆ ಸೇರಿದ ಹೊಸದು. ವಾರ್ಡಿನಿಂದ ಬಂದ ಒಬ್ಬ ಅಜ್ಜಿಯ ಮುಂಗೈ ಮೇಲೆ ಹಿಂದಿನ ದಿನ ಹಾಕಿದ್ದ ಕ್ಯಾನುಲಾ, ಅಂದರೆ ನರದೊಳಗೆ ಬಿಡುವ ತೆಳು ನಳಿಕೆ, ಇತ್ತು. ಇನ್ನೊಮ್ಮೆ ಚುಚ್ಚುವುದು ಯಾಕೆ ಅಂತ ಅದಕ್ಕೇ ಇಂಜೆಕ್ಟರ್ ಜೋಡಿಸಿ, ಸೆಕೆಂಡಿಗೆ 4 ಎಂ.ಎಲ್. ವೇಗ ಕೊಟ್ಟು ಗಾಜಿನ ಆಚೆ ಬಂದೆ. ಅಜ್ಜಿ ನೋವು ಅನ್ನಲೇ ಇಲ್ಲ. ಸ್ಕ್ಯಾನಿನಲ್ಲಿ ನಾಳಗಳು ಕಾಣದಿದ್ದಾಗ ಓಡಿದೆ. ಡೈ ಪೂರಾ ಚರ್ಮದಡಿ ಸೇರಿ ಕೈ ಊದಿ ಬಿಗಿದಿತ್ತು. ಕೈ ಎತ್ತರಕ್ಕಿಟ್ಟು, ಐಸ್ ಇಟ್ಟು, ಸರ್ಜನ್ನರನ್ನು ಕರೆಸಿದೆವು. ಬೆರಳಿಗೆ ಸ್ಪರ್ಶ ಗೊತ್ತಾಗುತ್ತಿದೆಯಾ, ಬಣ್ಣ ಬದಲಾಗಿದೆಯಾ ಅಂತ ರಾತ್ರಿಯವರೆಗೂ ನೋಡಿಕೊಂಡೆ. ಮೂರನೇ ದಿನ ಊತ ಇಳಿಯಿತು. "ನಿನಗೆ ಬೈಯ್ದುಬಿಟ್ಟಾರು ಅಂತ ಹೇಳಲಿಲ್ಲ ಮಗಾ" ಅಂದರು ಅಜ್ಜಿ. ಆ ಮಾತು ನನಗೆ ಇವತ್ತಿಗೂ ನೋಯುತ್ತದೆ.

ಅವತ್ತಿನಿಂದ ಮೊಣಕೈ ಮಡಿಕೆಯ ದಪ್ಪ ನರವನ್ನೇ ಹುಡುಕುತ್ತೇನೆ, 18 ಇಲ್ಲವೇ 20 ಗೇಜ್ ಅಳತೆಯ ಕ್ಯಾನುಲಾ ಹಾಕುತ್ತೇನೆ. ಮೊದಲು ಸಲೈನ್ ಅನ್ನು ಜೋರಾಗಿ ತಳ್ಳಿ ನೋಡುತ್ತೇನೆ. ಡೈ ಹೋಗುವ ಮೊದಲ ಸೆಕೆಂಡುಗಳಲ್ಲಿ, ಎಕ್ಸ್‌ರೇ ಶುರುವಾಗುವ ಮುಂಚೆ, ನನ್ನ ಬೆರಳು ಅವರ ನರದ ಮೇಲೇ ಇರುತ್ತದೆ. "ಮೈ ಬಿಸಿಯಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೂತ್ರ ಹೋದ ಹಾಗೆ ಅನಿಸುತ್ತದೆ, ಹೋಗಿರುವುದಿಲ್ಲ, ಹೆದರಬೇಡಿ. ಕೈ ನೋವಾದರೆ ಮಾತ್ರ ಕೂಗಿ, ಯಾರೂ ಬೈಯುವುದಿಲ್ಲ" ಅಂತ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಸ್ಕ್ಯಾನ್ ಮುಗಿದ ಮೇಲೆ 30 ನಿಮಿಷ ಹೊರಗಿನ ಬೆಂಚಿನಲ್ಲಿ ಕೂರಿಸುತ್ತೇವೆ, ಕ್ಯಾನುಲಾ ತೆಗೆಯದೆ. ಬಸ್ಸು ತಪ್ಪುತ್ತದೆ ಅಂತ ಜನ ಬೇಸರ ಮಾಡಿಕೊಳ್ಳುತ್ತಾರೆ. ಹಾಗೆ ಕೂತಿದ್ದ ಒಬ್ಬ ಯುವಕ ಹತ್ತನೇ ನಿಮಿಷಕ್ಕೆ ಕುತ್ತಿಗೆ ಕೆರೆದುಕೊಳ್ಳುತ್ತ ಒಳಗೆ ಬಂದ. ಧ್ವನಿ ಒಡೆದಿತ್ತು. ಯಾವ ಅಲರ್ಜಿಯೂ ಇಲ್ಲ ಅಂದಿದ್ದವನು. ಮಲಗಿಸಿ, ಕಾಲು ಎತ್ತಿ, ಆಕ್ಸಿಜನ್ ಇಟ್ಟೆವು. ವೈದ್ಯರು ತೊಡೆಯ ಮಾಂಸಕ್ಕೆ ತೀವ್ರ ಅಲರ್ಜಿಯ ಔಷಧಿ ಅಡ್ರಿನಲಿನ್ ಅರ್ಧ ಎಂ.ಎಲ್. ಕೊಟ್ಟರು. ಸ್ವಲ್ಪ ಹೊತ್ತಿಗೆ ಉಸಿರು ಸರಾಗವಾಯಿತು, ಆ ರಾತ್ರಿ ಅವನನ್ನು ವಾರ್ಡಿನಲ್ಲೇ ಇಟ್ಟುಕೊಂಡರು. ಮನೆಗೆ ಹೊರಟಾಗ ಅವನ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಅಯೋಹೆಕ್ಸಾಲ್ ಅಂತ ಪೂರ್ತಿ ಹೆಸರು, ತಾರೀಕು, ಏನಾಯಿತು ಎಲ್ಲ ಬರೆದೆ. ಬರೀ "ಡೈ ಅಲರ್ಜಿ" ಅಂತಿದ್ದರೆ ಮುಂದಿನ ಆಸ್ಪತ್ರೆಯವರಿಗೆ ಯಾವ ಡೈ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?